ದೇವನಹಳ್ಳಿಯ ಹೆಬ್ಬಾಗಿಲು

ದೇವನಹಳ್ಳಿಯೆಂದರೆ ನಮ್ಮ ಬಾಲ್ಯದಲ್ಲಿ ಚಕ್ಕೋತದ ಹಣ್ಣು. ನಾಲ್ಕಕ್ಷರ ಕಲಿತ ಮೇಲೆ ಟಿಪ್ಪೂ ಸುಲ್ತಾನನ ಜನ್ಮಸ್ಥಳ, ಮತ್ತು ಅಲ್ಲಿಯ ಕಲ್ಲಿನ ಕೋಟೆ. ಈಗಲಾದರೋ ಆ ಹೆಸರೆತ್ತಿದೊಡನೆ ಮನೆಯ ಮಕ್ಕಳು ಆಕಾಶದ ಕಡೆಗೆ ಬೆರಳು ತೋರಿಸುವರು. 2008ನೆಯ ಇಸವಿಯ ಮೇ ತಿಂಗಳು 24ರಲ್ಲಿ ಆ ಸೀಮೆಯ ಬಯಲಿನಲ್ಲಿ ಹೊಸ ವಿಮಾನ ನಿಲ್ದಾಣವು ತೆರೆದಂದಿನಿಂದ ಬೆಂಗಳೂರಿನ ಊರಬಾಗಿಲು ಊರಿನಿಂದ ಮೂವತ್ತು ಮೂವತ್ತೈದು ಕಿಲೋಮೀಟರು ದೂರಕ್ಕೆ ಸರಿದು ನಿಂತಂತಾಯಿತು. 2013ರಲ್ಲಿ ಅದಕ್ಕೆ ಕೆಂಪೇಗೌಡರ ಹೆಸರನ್ನಿಟ್ಟರು. ಊರಿಗೆ ಗಡಿಗೋಪುರಗಳನ್ನು ಕಟ್ಟಿಸಿದ ವಂಶದ ಹೆಸರು ಬಾಗಿಲಿಗೆ ಸಲ್ಲತಕ್ಕುದೇ ಸರಿ. ಆದರೆ ಗೋಪುರವಿದ್ದ ಮೇಲೆ ಅಲ್ಲಿ ಕಾವಲುಗಾರನೂ ಇರಬೇಕಷ್ಟೆ. ಈ ಬಾಗಿಲಿನಲ್ಲಿ ಕುಳಿತು, ಹೋಗುವವರ ಬರುವವರ ರಹದಾರಿಯನ್ನು ನೋಡಿ ಮುದ್ರೆಯೊತ್ತುವವರ ವಿಷಯವಾಗಿ ನಾಲ್ಕು ಮಾತುಗಳನ್ನು ವಾಚಕರಿಗೆ ಅರಿಕೆಮಾಡಬೇಕೆಂದು ನಮಗೆ ಬಹಳ ದಿನಗಳಿಂದ ಮನಸ್ಸಿತ್ತು. ಇದಕ್ಕೆ ಕಾರಣವುಂಟು. ನಮ್ಮ ತಂಗಿಯ ಮಗಳು ಆ ಕಾವಲಿನವರಲ್ಲಿ ಒಬ್ಬಳು.

ಆ ಹುಡುಗಿಯು ತುಮಕೂರಿನಲ್ಲಿ ಬಿ.ಎಸ್‌ಸಿ. ಮುಗಿಸಿದಾಗ, ಬ್ಯಾಂಕಿನಲ್ಲಿಯೋ ಶಾಲೆಯಲ್ಲಿಯೋ ಒಂದು ಕೆಲಸಕ್ಕೆ ಸೇರಿದರೆ ಸಾಕೆಂಬುದು ಮನೆಮಂದಿಯೆಲ್ಲರ ಅಭಿಪ್ರಾಯವಾಗಿತ್ತು; ಅದನ್ನು ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದವರು ನಾವೇ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಅವಳು ಮಾತ್ರ ಒಂದು ಸಂಜೆ ಬಂದು, "ಮಾವ, ನಾನು ಇಮಿಗ್ರೇಷನ್ ಆಫೀಸರ್ ಆಗಬೇಕೆಂದಿದ್ದೇನೆ. ಅರ್ಜಿ ಹಾಕುವುದು ಹೇಗೆ, ಸ್ವಲ್ಪ ವಿಚಾರಿಸಿ ಹೇಳುವಿರಾ?" ಎಂದು ಕೇಳಿದಳು. ಬೇಡವೆನ್ನುವುದಕ್ಕೆ ಮೊದಲು ವಿಚಾರಿಸಿಬಿಡೋಣವೆಂದು ನಾವು ವಿಚಾರಿಸಿದೆವು. ಆಗ ತಿಳಿದುಬಂದ ಸಂಗತಿ ವಿಚಿತ್ರವಾಗಿತ್ತು. ನಮ್ಮ ದೇಶದಲ್ಲಿ ಪದವೀಧರರಾದ ಹುಡುಗ ಹುಡುಗಿಯರು ನೇರವಾಗಿ 'ಇಮಿಗ್ರೇಷನ್ ಆಫೀಸರ್' ಎಂದು ಬರೆದು ಅರ್ಜಿ ಹಾಕತಕ್ಕ ದೊಡ್ಡ ಪರೀಕ್ಷೆಯೇ ಇಲ್ಲ! ಈ ಕೆಲಸವನ್ನು ನಡೆಸುವುದು 1971ರಲ್ಲಿ ಸ್ಥಾಪಿತವಾದ ಬ್ಯೂರೋ ಆಫ್ ಇಮಿಗ್ರೇಷನ್ ಎಂಬ ಇಲಾಖೆ. ಅದು ಕೇಂದ್ರದ ಗೃಹಮಂತ್ರಾಲಯಕ್ಕೆ ಸೇರಿದ್ದು. ಅದರ ಮೇಜುಗಳ ಹಿಂದೆ ಕುಳಿತುಕೊಳ್ಳುವವರಲ್ಲಿ ಬಹುಮಂದಿ ಗುಪ್ತಚರ ವಿಭಾಗದ, ಎಂದರೆ ಇಂಟೆಲಿಜೆನ್ಸ್ ಬ್ಯೂರೋದ, ನೌಕರರು. ಉಳಿದವರು ಪೊಲೀಸು ಮೊದಲಾದ ಇಲಾಖೆಗಳಿಂದ ಕೆಲವು ವರ್ಷಗಳ ಮಟ್ಟಿಗೆ ಎರವಲಾಗಿ ಬಂದವರು. ಆದುದರಿಂದ ಈ ಮೇಜಿನ ಮೇಲೆ ಆಸೆಯಿಟ್ಟವರು ಅಸಿಸ್ಟೆಂಟ್ ಸೆಂಟ್ರಲ್ ಇಂಟೆಲಿಜೆನ್ಸ್ ಆಫೀಸರ್ ಎಂಬ ಉದ್ದನೆಯ ಹೆಸರಿನ ಹುದ್ದೆಗೆ ಪರೀಕ್ಷೆ ಕೊಟ್ಟು, ಬಳಿಕ ಸರಕಾರವು ತಮ್ಮನ್ನು ಎಲ್ಲಿ ಕೂರಿಸುವುದೋ ಅಲ್ಲಿ ಕೂರಬೇಕು.

ಮನೆಯಲ್ಲಿ ಬೆಳೆದ ಮಕ್ಕಳಿರುವ ವಾಚಕರಿಗೆ ಉಪಯೋಗವಾದೀತೆಂದು ಅದರ ಕ್ರಮವನ್ನೂ ಹೇಳಿಬಿಡುತ್ತೇವೆ. ಯಾವ ವಿಷಯದಲ್ಲಾದರೂ ಪದವಿಯಾಗಿರಬೇಕು. ವಯಸ್ಸು 18ರಿಂದ 27ರೊಳಗೆ. ಇದರಲ್ಲಿ ಕೆಲವು ವರ್ಗದವರಿಗೆ ನಿಯಮದಂತೆ ರಿಯಾಯಿತಿಯುಂಟು. ಮೊದಲನೆಯ ಪರೀಕ್ಷೆಯಲ್ಲಿ ಒಂದು ಘಂಟೆಯ ಕಾಲದಲ್ಲಿ ನೂರು ಪ್ರಶ್ನೆಗಳಿಗೆ ಗುರುತು ಹಾಕಬೇಕು. ಒಂದು ತಪ್ಪಿಗೆ ಕಾಲು ಅಂಕ ಕಳೆಯುವರು. ಅದರಲ್ಲಿ ಗೆದ್ದವರಿಗೆ 50 ಅಂಕಗಳ ಬರೆವಣಿಗೆಯ ಪರೀಕ್ಷೆ, ಆ ಮೇಲೆ 100 ಅಂಕಗಳ ಸಂದರ್ಶನ. ಸಂಬಳವು ಏಳನೆಯ ಮೆಟ್ಟಿಲಿನದು. 44,900 ರೂಪಾಯಿಯಿಂದ ಆರಂಭವಾಗಿ 1,42,400ರ ವರೆಗೆ ಏರಬಹುದು. ಇದಲ್ಲದೆ ಮೂಲ ಸಂಬಳದ ಮೇಲೆ ನೂರಕ್ಕೆ 20ರಂತೆ ಒಂದು ವಿಶೇಷ ಭತ್ಯವುಂಟು. ದೇಶದ ಯಾವ ಮೂಲೆಗಾದರೂ ಹೋಗಲು ಸಿದ್ಧರಿರಬೇಕೆಂಬ ಷರತ್ತು ಅರ್ಜಿಯಲ್ಲಿಯೇ ಇರುತ್ತದೆ. ನಮ್ಮ ತಂಗಿಯು ಹಣದ ಅಂಕಿಯನ್ನು ಒಂದು ಸಲ ಓದಿದಳು, ಈ ಷರತ್ತನ್ನು ಹತ್ತು ಸಲ ಓದಿದಳು.

ಮೊದಲನೆಯ ಸಲ ಹುಡುಗಿಯು ಮೊದಲ ಮೆಟ್ಟಿಲಲ್ಲಿಯೇ ಜಾರಿದಳು. ಎರಡನೆಯ ಸಲ ಗೆದ್ದಳು. ಆಗ ನಡೆದ ತಮಾಷೆಯೊಂದನ್ನು ಬರೆಯದಿರಲಾರೆವು. ಇಂಥ ನೌಕರಿಗೆ ಆಯ್ಕೆಯಾದವರ ನಡತೆಯನ್ನು ಕುರಿತು ಅವರ ಸ್ವಂತ ಊರಿನಲ್ಲಿ ವಿಚಾರಣೆ ನಡೆಯುವುದು ವಾಡಿಕೆ. ಒಂದು ಬೆಳಿಗ್ಗೆ ನಮ್ಮ ತಂಗಿಯ ಹಳ್ಳಿಗೆ ಪೊಲೀಸಿನವರು ಬಂದು, ಅಂಗಡಿಯವನನ್ನೂ ಪಕ್ಕದ ಮನೆಯವರನ್ನೂ ಹುಡುಗಿಯ ಹೆಸರು ಹಿಡಿದು ವಿಚಾರಿಸಿದರಂತೆ. ಮಧ್ಯಾಹ್ನದ ಹೊತ್ತಿಗೆ ಊರೆಲ್ಲ ಸುದ್ದಿ. ಸಂಜೆಯ ಹೊತ್ತಿಗೆ ಮೂವರು ಮುತ್ತೈದೆಯರು ಸಮಾಧಾನ ಹೇಳಲು ಬಂದು ಕಾಫಿ ಕುಡಿದು ಹೋದರು. ಕೆಲಸದ ಆಜ್ಞಾಪತ್ರ ಬಂದ ದಿನ ಅದೇ ಮೂವರು ಮತ್ತೆ ಬಂದು ಕಾಫಿ ಕುಡಿದು ಹೋದರು.

ಅವಳನ್ನು ಮೊದಲು ಕಳುಹಿಸಿದ್ದು ಬಂಗಾಳದ ಗಡಿಯಲ್ಲಿರುವ ಪೆಟ್ರಾಪೋಲಿಗೆ. ಅಲ್ಲಿ ವಿಮಾನವಿಲ್ಲ, ನೆಲದ ದಾರಿ. ಜೆಸ್ಸೋರ್ ರಸ್ತೆಯ ಹಳೆಯ ಹೆಮ್ಮರಗಳ ಸಾಲು ಮುಗಿದರೆ ಒಂದು ಬಾಗಿಲು; ಅದರಾಚೆಗೆ ಬಾಂಗ್ಲಾದೇಶದ ಬೆನಾಪೋಲು. 2022ರ ಸುಮಾರಿಗೆ ಅವಳು ಅಲ್ಲಿದ್ದಾಗ, ಕಲಕತ್ತೆಯ ಆಸ್ಪತ್ರೆಗಳಿಗೆ ಹೋಗುವ ರೋಗಿಗಳು, ನೆಂಟರಿಷ್ಟರನ್ನು ನೋಡಲು ಬರುವವರು, ಚಿಕ್ಕ ವ್ಯಾಪಾರಿಗಳು, ಹೀಗೆ ಬೆಳಗಿನಿಂದ ಸಂಜೆಯ ವರೆಗೆ ಮುಗಿಯದ ಜನವಂತೆ. "ಕೋಥಾಯ್ ಜಾಬೇನ್?" (ಎಲ್ಲಿಗೆ ಹೋಗುವಿರಿ?) ಎಂಬುದು ಅವಳು ಕಲಿತ ಮೊದಲ ಬಂಗಾಳಿ ಮಾತು. ದಿನಕ್ಕೆ ನೂರಾರು ಸಲ ಅದನ್ನು ಆಡಿ ಆಡಿ, ರಜದಲ್ಲಿ ಊರಿಗೆ ಬಂದಾಗ ಹಿತ್ತಿಲ ಕಡೆಗೆ ಹೊರಟಿದ್ದ ಅಜ್ಜಿಯನ್ನೂ ಅದೇ ಮಾತಿನಲ್ಲಿ ಕೇಳಿದಳೆಂದು ಮನೆಯಲ್ಲಿ ಇಂದಿಗೂ ನಗುವರು. ಎರಡು ವರ್ಷಗಳ ಬಳಿಕ ಅವಳಿಗೆ ಬೆಂಗಳೂರಿಗೆ ವರ್ಗವಾಯಿತು.

ಮಸ್ಕತ್ತಿನಲ್ಲಿರುವ ನಮ್ಮ ಮಗನ ಮನೆಗೆ ಹೋಗುವ ಸಂದರ್ಭವು ನಮಗೆ ಒದಗಿದ್ದು 2025ರ ನವೆಂಬರಿನಲ್ಲಿ. ಹೊರಡುವ ವಾರದಲ್ಲಿ ಹುಡುಗಿಯು ಬಂದು ನಮಗೊಂದು ಎಚ್ಚರಿಕೆಯನ್ನು ಕೊಟ್ಟಳು: "ಮಾವ, ಆ ರಾತ್ರಿ ನನಗೂ ಡ್ಯೂಟಿಯಿದೆ. ನನ್ನ ಸಾಲಿಗೆ ಮಾತ್ರ ಬರಬೇಡಿ. ಮಾತನಾಡಿಸಲೂಬೇಡಿ. ಅತ್ತೆಗೂ ಹೇಳಿ." ನಮ್ಮ ಮನೆಯವರಿಗೆ ಇದರಿಂದ ಸ್ವಲ್ಪ ಬೇಸರವಾಯಿತು. ಎತ್ತಿ ಆಡಿಸಿದ ಮಗುವನ್ನು ಕಂಡೂ ಕಾಣದಂತೆ ಹೋಗುವುದೆಂದರೇನು!

ಎರಡನೆಯ ಟರ್ಮಿನಲ್ಲಿನ ವೈಭವವನ್ನು ಈಗಾಗಲೇ ಅನೇಕರು ವರ್ಣಿಸಿರುವುದರಿಂದ ನಾವು ಅಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. 2022ರ ನವೆಂಬರ್ 11ರಲ್ಲಿ ಅದರ ಉದ್ಘಾಟನೆಯಾಯಿತು. 2023ರ ಜನವರಿ 15ರಲ್ಲಿ ಅಲ್ಲಿಂದ ಮೊದಲು ಹಾರಿದ ವಿಮಾನವು ಹೋದದ್ದು ನಮ್ಮ ಕಲಬುರಗಿಗೆ. ಪರದೇಶದ ವಿಮಾನಗಳು ಆ ಕಟ್ಟಡಕ್ಕೆ ಬಂದದ್ದು ಅದೇ ವರ್ಷದ ಸೆಪ್ಟೆಂಬರ್ 12ರಲ್ಲಿ. ಮಾಡು, ಕಂಬ, ಎಲ್ಲೆಲ್ಲಿಯೂ ಬಿದಿರು; ಮೇಲಿನಿಂದ ತೂಗುಬಿಟ್ಟ ಗಿಡಬಳ್ಳಿಗಳು; ನೀರು ಸುರಿಯುವ ಗೋಡೆ. ಲಾಲ್‌ಬಾಗಿಗೆ ಸೂರು ಹಾಕಿದಂತಿದೆಯೆಂದು ನಮ್ಮ ಮನೆಯವರು ಹೇಳಿದರು. ನಮಗೆ ಅದಕ್ಕಿಂತ ವಿಸ್ಮಯವನ್ನುಂಟುಮಾಡಿದ್ದು ಅಲ್ಲಿಯ ಹೊತ್ತು. ಊರಿನಲ್ಲಿ ನಾಯಿಗಳೂ ಮಲಗಿರುವ ರಾತ್ರಿ ಎರಡು ಘಂಟೆಯಲ್ಲಿ ಅಲ್ಲಿ ನಡುಹಗಲು. ಮಕ್ಕಳು ಓಡುತ್ತಿರುವರು, ವೃದ್ಧರು ಗಾಲಿಕುರ್ಚಿಗಳಲ್ಲಿ ಸಾಲಾಗಿ ಹೋಗುತ್ತಿರುವರು, ಹೊಸದಾಗಿ ಮದುವೆಯಾದ ಹೆಣ್ಣುಮಕ್ಕಳು ಕೈತುಂಬ ಬಳೆಯಿಟ್ಟು ಅಳುತ್ತಲೂ ನಗುತ್ತಲೂ ನಿಂತಿರುವರು. ಕೊಲ್ಲಿಯ ದೇಶಗಳಿಗೂ ಯೂರೋಪಿಗೂ ಹೋಗುವ ವಿಮಾನಗಳಲ್ಲಿ ಹಲವು ನಡುರಾತ್ರಿಯಿಂದ ಬೆಳಗಿನ ಜಾವದೊಳಗಾಗಿಯೇ ಹೊರಡತಕ್ಕವು. ಈ ಕಾರಣದಿಂದಲೇ ಆ ಮೇಜಿನವರಿಗೆ ರಾತ್ರಿಯೇ ಹಗಲು.

ನಮ್ಮಲ್ಲಿ ಬಹುಮಂದಿ ವಿಮಾನ ನಿಲ್ದಾಣದ ಅಧಿಕಾರಿಗಳನ್ನೆಲ್ಲ ಒಂದೇ ಎಂದು ಭಾವಿಸುವುದುಂಟು. ಹಾಗಲ್ಲ. ಬಾಗಿಲಲ್ಲಿ ಬಂದೂಕು ಹಿಡಿದು ಟಿಕೆಟ್ಟನ್ನೂ, ಒಳಗೆ ನಮ್ಮ ಜೇಬು ಚೀಲಗಳನ್ನೂ ನೋಡುವವರು ಕೈಗಾರಿಕಾ ಭದ್ರತಾ ಪಡೆಯವರು. ಬರುವಾಗ ಚಿನ್ನವುಂಟೋ ಎಂದು ಕೇಳುವವರು ಸುಂಕದವರು. ಒಬ್ಬರದು ಅಪಾಯದ ಚಿಂತೆ, ಇನ್ನೊಬ್ಬರದು ಸರಕಿನ ಚಿಂತೆ. ಇಮಿಗ್ರೇಷನ್ನಿನವರು ವಿಚಾರಿಸುವುದು ಮನುಷ್ಯನನ್ನು: ಈತನು ತಾನೆಂದು ಹೇಳಿಕೊಳ್ಳುವವನೇ ಹೌದೋ, ಅಲ್ಲವೋ? ಹೋಗಲು ಅಥವಾ ಬರಲು ಈತನಿಗೆ ಹಕ್ಕುಂಟೋ, ಇಲ್ಲವೋ? 1920ರ ಪಾಸ್‌ಪೋರ್ಟ್ ಕಾಯಿದೆ, 1939ರ ವಿದೇಶೀಯರ ನೋಂದಣಿ ಕಾಯಿದೆ, 1946ರ ವಿದೇಶೀಯರ ಕಾಯಿದೆ, 2000ದ ವಾಹಕರ ಹೊಣೆಯ ಕಾಯಿದೆ ಎಂಬ ನಾಲ್ಕು ಕಾಯಿದೆಗಳ ಬಲದಿಂದ ಈ ಪ್ರಶ್ನೆಗಳನ್ನು ಕೇಳುತ್ತಿದ್ದರು. ಇವುಗಳನ್ನೆಲ್ಲ ರದ್ದುಮಾಡಿ ಒಂದೇ ಕಾಯಿದೆಯನ್ನು 2025ರಲ್ಲಿ ಮಾಡಿದರು; ಅದು ಆ ವರ್ಷದ ಸೆಪ್ಟೆಂಬರ್ ಒಂದರಿಂದ ಜಾರಿಗೆ ಬಂದಿತು. ಕಾಯಿದೆ ಬದಲಾದರೂ ಪ್ರಶ್ನೆಗಳು ಬದಲಾಗಿಲ್ಲ.

ಪಾಸ್‌ಪೋರ್ಟಿನಲ್ಲಿ ನಮ್ಮ ಭಾವಚಿತ್ರವಿರುವ ಪುಟದ ಬುಡದಲ್ಲಿ ಅಕ್ಷರ, ಅಂಕಿ, ಕೊಕ್ಕೆಯಂಥ ಗುರುತುಗಳುಳ್ಳ ಎರಡು ಪಂಕ್ತಿಗಳಿರುವುದನ್ನು ವಾಚಕರು ನೋಡಿರಬಹುದು. ಪಂಕ್ತಿಗೆ 44ರಂತೆ ಗುರುತುಗಳು. ಯಂತ್ರವು ಓದುವುದು ಇದನ್ನೇ. ಅದರಲ್ಲೊಂದು ಸ್ವಾರಸ್ಯವುಂಟು. ಹುಟ್ಟಿದ ತಾರೀಖನ್ನು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಆರು ಅಂಕಿಗಳಾಗಿ ಬರೆದು ಅದರ ಮಗ್ಗುಲಲ್ಲಿ ಏಳನೆಯ ಅಂಕಿಯೊಂದನ್ನು ಇಟ್ಟಿರುತ್ತಾರೆ. ಈ ಏಳನೆಯದು ಉಳಿದ ಆರಕ್ಕೆ ಸಾಕ್ಷಿ. ಉದಾಹರಣೆಗೆ, ಸ್ವಾತಂತ್ರ್ಯ ಬಂದ ದಿನವೇ ಹುಟ್ಟಿದವರಿದ್ದರೆ ಅವರ ಅಂಕಿಗಳು 470815. ಇವನ್ನು ಕ್ರಮವಾಗಿ 7, 3, 1, ಮತ್ತೆ 7, 3, 1ರಿಂದ ಗುಣಿಸಿ ಕೂಡಿದರೆ 28, 21, 0, 56, 3, 5, ಒಟ್ಟು 113. ಹತ್ತರಿಂದ ಭಾಗಿಸಿದರೆ ಉಳಿಯುವುದು 3. ಆ 3 ಅಲ್ಲಿರಲೇಬೇಕು. ವಯಸ್ಸನ್ನು ತಿದ್ದಲು ಒಂದು ಅಂಕಿಯನ್ನು ಕೆರೆದವನು ಸಾಕ್ಷಿಯನ್ನು ಮರೆತರೆ ಯಂತ್ರವು ಆ ಕ್ಷಣವೇ ಕೂಗಿಕೊಳ್ಳುವುದು. ನಾವು ಪಾಸ್‌ಪೋರ್ಟ್ ತೆಗೆದುಕೊಂಡು ಕಾಗದದಲ್ಲಿ ಈ ಲೆಕ್ಕವನ್ನು ಮಾಡಿ ನೋಡಿದೆವು, ಸರಿಹೋಯಿತು. ಮೊಮ್ಮಕ್ಕಳಿಗೆ ರಜದ ದಿನ ಕೊಡಲು ಒಳ್ಳೆಯ ಲೆಕ್ಕ.

ಅಂಕಿಯನ್ನು ಯಂತ್ರವು ನೋಡಿತು, ಮುಖವನ್ನು ನೋಡುವವರಾರು? ಅಧಿಕಾರಿಯ ಕಣ್ಣೇ ನೋಡಬೇಕು. ಇದು ನಾವೆಣಿಸುವಷ್ಟು ಸುಲಭವಲ್ಲ. ಆಸ್ಟ್ರೇಲಿಯಾ ದೇಶದ ಪಾಸ್‌ಪೋರ್ಟ್ ಅಧಿಕಾರಿಗಳನ್ನು ಪರೀಕ್ಷಿಸಿದ ವಿದ್ವಾಂಸರು 2014ರಲ್ಲಿ ಪ್ರಕಟಿಸಿದ ಲೇಖನದಂತೆ, ಎದುರಿಗೆ ನಿಂತವನ ಮುಖಕ್ಕೂ ಬೇರೊಬ್ಬನ ಭಾವಚಿತ್ರಕ್ಕೂ ಹೋಲಿಸಿ ನೋಡಿದಾಗ ನೂರಕ್ಕೆ 14 ಸಲ ಅವರು ಅದನ್ನು 'ಅವನೇ' ಎಂದು ಒಪ್ಪಿಬಿಟ್ಟರು. ಅನುಭವ ಹೆಚ್ಚಾದಷ್ಟೂ ತಪ್ಪು ಕಡಮೆಯಾಗಿತ್ತೇ ಎಂದು ನೋಡಿದರೆ ಅದೂ ಇಲ್ಲ. ಈ ಸಂಗತಿಯನ್ನು ನಾವು ಹುಡುಗಿಯ ಮುಂದಿಟ್ಟಾಗ ಅವಳು ತುಸು ಹೊತ್ತು ಸುಮ್ಮನಿದ್ದು, "ಅದಕ್ಕೇ ಮಾವ, ಮಾತನಾಡಿಸಬೇಕು," ಎಂದಳು. ಆ ಮಾತಿನ ಅರ್ಥ ನಮಗೆ ತಿಳಿದದ್ದು ಪ್ರಯಾಣದ ರಾತ್ರಿಯಲ್ಲಿ.

ಸಾಲು ಉದ್ದವಾಗಿತ್ತು. ಹಿಂದೆಲ್ಲ ಇಲ್ಲಿ ಒಂದು ಚೀಟಿಯನ್ನು ತುಂಬಬೇಕಾಗಿತ್ತು. ಹೊರಡುವ ಭಾರತೀಯರಿಗೆ 2017ರ ಜುಲೈ ಒಂದರಿಂದ ಅದನ್ನು ತೆಗೆದುಹಾಕಿದ್ದಾರೆ. ಇದನ್ನು ತಿಳಿಯದ ಹೆಂಗಸೊಬ್ಬಳು ನಮ್ಮ ಮುಂದೆ ನಿಂತಿದ್ದವಳು ಹಿಂದಿರುಗಿ, "ಅಮ್ಮ, ಏನಾದರೂ ಬರೆದುಕೊಡಬೇಕಾ?" ಎಂದು ನಮ್ಮ ಮನೆಯವರನ್ನು ಕೇಳಿದಳು. ವಯಸ್ಸು ಇಪ್ಪತ್ತಾರಿರಬಹುದು. ಹೊಸ ಸೀರೆ, ಹೊಸ ಚೀಲ, ಹಳೆಯ ಚಪ್ಪಲಿ. ಮಾತಿನಲ್ಲಿ ಚಿಂತಾಮಣಿಯ ಕಡೆಯ ತೆಲುಗು ಬೆರೆತಿತ್ತು. ತನ್ನ ಕಾಗದಗಳನ್ನು ತೋರಿಸಿ, ಇದರಲ್ಲಿ ಏನು ಬರೆದಿದೆ ಓದಿ ಹೇಳಿರೆಂದಳು. ನಮ್ಮ ವಿಮಾನವೇ, ಮಸ್ಕತ್ತಿಗೇ. ಪ್ರವಾಸದ ವೀಸಾ, ಮೂವತ್ತು ದಿನ. ಪಾಸ್‌ಪೋರ್ಟಿನಲ್ಲಿ 'ಎಮಿಗ್ರೇಷನ್ ಚೆಕ್ ರಿಕ್ವೈರ್ಡ್' ಎಂಬ ಮುದ್ರೆಯಿತ್ತು. "ಮಸ್ಕತ್ತಿನಲ್ಲಿ ಯಾರಿದ್ದಾರಮ್ಮ?" ಎಂದು ನಮ್ಮ ಮನೆಯವರು ಕೇಳಿದರು. ಅವಳು ಸುತ್ತಲೂ ನೋಡಿ ದನಿಯನ್ನು ತಗ್ಗಿಸಿ, "ಯಾರೂ ಇಲ್ಲಮ್ಮ. ಒಂದು ಮನೇಲಿ ಕೆಲಸ. ಟೂರು ಅಂತ ಹೇಳು ಅಂತ ಏಜೆಂಟ್ ಹೇಳವನೆ," ಎಂದಳು.

ಇಲ್ಲಿ ಆ ಮುದ್ರೆಯ ವಿಷಯವನ್ನು ಹೇಳಬೇಕು. ಹತ್ತನೆಯ ತರಗತಿಯನ್ನು ಮುಗಿಸದೆ ಇರುವವರ ಪಾಸ್‌ಪೋರ್ಟಿಗೆ ಸಾಮಾನ್ಯವಾಗಿ ಅದು ಬೀಳುವುದು. ಅಂಥವರು ಕೊಲ್ಲಿಯ ದೇಶಗಳೇ ಮೊದಲಾದ ಕೆಲವು ಗೊತ್ತಾದ ದೇಶಗಳಿಗೆ ಕೂಲಿಕೆಲಸಕ್ಕೆ ಹೋಗಬೇಕಾದರೆ 1983ರ ಎಮಿಗ್ರೇಷನ್ ಕಾಯಿದೆಯಂತೆ ಸರಕಾರದಿಂದ ಮೊದಲು ಅನುಮತಿಯನ್ನು ಪಡೆಯಬೇಕು. ಹೆಂಗಸರಾದರೆ ಮೂವತ್ತು ವರ್ಷ ತುಂಬಿರಬೇಕು. ಯಜಮಾನನ ಕರಾರು, ಸಂಬಳದ ವಿವರ ಎಲ್ಲವೂ ದಾಖಲೆಯಾಗಿರಬೇಕು. ಪ್ರವಾಸಕ್ಕೆ ಹೋಗುವವರಿಗಾದರೆ ಈ ಅನುಮತಿ ಬೇಕಿಲ್ಲ. ಏಜೆಂಟರು ಹುಡುಕಿಕೊಂಡ ಸಂದಿ ಇದೇ. ಹೆಂಗಸನ್ನು 'ಪ್ರವಾಸಿ' ಎಂದು ಕಳುಹಿಸಿದರೆ ಅನುಮತಿಯೂ ಬೇಡ, ವಯಸ್ಸಿನ ಕಟ್ಟೂ ಇಲ್ಲ, ಕರಾರೂ ಇಲ್ಲ.

ನಮ್ಮ ಮನೆಯವರು ನಮ್ಮ ತೋಳನ್ನು ಹಿಡಿದು, "ಯಾರಿಗಾದರೂ ಹೇಳೋಣವೆ?" ಎಂದು ಪಿಸುಗುಟ್ಟಿದರು. ನಾವು, "ಸುಮ್ಮನಿರು, ನಮಗೇಕೆ?" ಎಂದೆವು. ಹಾಗೆ ಹೇಳಿದುದಕ್ಕೆ ಆಗ ನಮಗೆ ಎರಡು ಮೂರು ಒಳ್ಳೆಯ ಕಾರಣಗಳು ತೋರಿದ್ದುವು. ಬಡವಳು, ಸಾಲ ಮಾಡಿ ಹೊರಟಿರುವಳು. ಅವಳ ಅನ್ನಕ್ಕೆ ನಾವೇಕೆ ಅಡ್ಡವಾಗಬೇಕು, ಎಂಬುದೊಂದು. ಅವಳು ನಂಬಿ ಹೇಳಿದ ಗುಟ್ಟು, ಎಂಬುದೊಂದು. ವಿಮಾನ ತಪ್ಪಿದರೆ ಏನು ಗತಿ ಎಂಬ ಮೂರನೆಯದೂ ಇತ್ತು. ನಿಜ ಹೇಳುವುದಾದರೆ ಅದೇ ಮೊದಲನೆಯದು.

ಸಾಲು ಒಡೆಯಿತು. ಕಾವಲಿನವನು ಕೈತೋರಿಸಿದ ಕಡೆಗೆ ಹೋದ ಆ ಹೆಂಗಸು ನಿಂತದ್ದು ನಮ್ಮ ಹುಡುಗಿಯ ಮೇಜಿನ ಮುಂದೆ. ನಾವು ಅದರ ಪಕ್ಕದ ಸಾಲಿನಲ್ಲಿ ಇಬ್ಬರ ಹಿಂದೆ. ಹುಡುಗಿಯು ನಮ್ಮನ್ನು ನೋಡಿದಳು. ಆ ನೋಟವು ನಮ್ಮ ಮೇಲೆ ನಿಲ್ಲದೆ, ಕಂಬವನ್ನು ಕಂಡು ಮುಂದಕ್ಕೆ ಹೋಗುವಂತೆ ಹೋಯಿತು. ನಮ್ಮ ಮನೆಯವರು ಸೆರಗನ್ನು ಸರಿಪಡಿಸಿಕೊಂಡು ಬೇರೆಕಡೆಗೆ ತಿರುಗಿದರು. ಮೇಜಿನ ಮಾತು ಮಾತ್ರ ಸ್ಪಷ್ಟವಾಗಿ ಕೇಳಿಸುತ್ತಿತ್ತು.

"ಎಲ್ಲಿಗಮ್ಮಾ ಪ್ರಯಾಣ?"

"ಮಸ್ಕತ್ತಿಗೆ, ಮೇಡಂ. ಟೂರು."

"ಒಳ್ಳೆಯದು. ಎಷ್ಟು ದಿನ ಇರುತ್ತೀರಿ?"

"ಮೂವತ್ತು ದಿನ, ಮೇಡಂ."

"ಎಲ್ಲಿ ಇಳಿದುಕೊಳ್ಳುತ್ತೀರಿ?"

"ಹೋಟ್ಲಲ್ಲಿ." ಇದನ್ನೂ ಕಲಿಸಿಕೊಟ್ಟಿದ್ದರು, ತಡವರಿಸದೆ ಬಂತು.

ಹುಡುಗಿಯು ಪಾಸ್‌ಪೋರ್ಟನ್ನು ತಿರುವಿಹಾಕಿ, ಹೋಟೆಲಿನ ಹೆಸರನ್ನು ಕೇಳಲಿಲ್ಲ, ದುಡ್ಡೆಷ್ಟಿದೆಯೆಂದೂ ಕೇಳಲಿಲ್ಲ. "ಮನೆಯಲ್ಲಿ ಯಾರಿದ್ದಾರೆ?" ಎಂದಳು.

"ಅಮ್ಮ ಅವ್ರೆ. ಮಗ ಅವ್ನೆ."

"ಮಗ ಎಷ್ಟನೆಯ ಕ್ಲಾಸು?"

"ಒಂದನೇ ಕ್ಲಾಸು, ಮೇಡಂ."

"ಹೊರಡುವಾಗ ಅತ್ತನೇ?"

ಹೆಂಗಸು ಉತ್ತರ ಕೊಡಲಿಲ್ಲ.

"ಮೂವತ್ತು ದಿನ ತಾನೇ? ಬೇಗ ಬಂದುಬಿಡುತ್ತೀರಿ. ಅವನಿಗೆ ಹಾಗೆ ಹೇಳಿದಿರಾ?"

"ಎರಡು ವರ್ಷ ಅಂದ್ರು, ಮೇಡಂ," ಎಂದುಬಿಟ್ಟಳು ಆ ಹೆಂಗಸು. ಹೇಳಿದ ಮೇಲೆ ತಾನು ಹೇಳಿದ್ದೇನೆಂದು ತಿಳಿದು ಎರಡು ಕೈಗಳಿಂದಲೂ ಬಾಯಿ ಮುಚ್ಚಿಕೊಂಡಳು.

ಮುದ್ರೆ ಬೀಳಲಿಲ್ಲ. ಹುಡುಗಿಯು ಪಾಸ್‌ಪೋರ್ಟನ್ನು ಮುಚ್ಚಿ ಮೇಲಧಿಕಾರಿಯನ್ನು ಕರೆದಳು. ಅವರೊಡನೆ ಎರಡು ಮಾತನಾಡಿ ಮೇಜಿನ ಈಚೆಗೆ ಬಂದಳು. ಹೆಂಗಸು ಅಲ್ಲಿಯೇ ಕುಸಿದು ಕುಳಿತಿದ್ದಳು. "ಒಡವೆ ಒತ್ತೆ ಇಟ್ಟಿದೀನಿ, ಮೇಡಂ, ಬಿಟ್ಬಿಡಿ," ಎಂಬ ಮಾತೊಂದೇ ಮತ್ತೆ ಮತ್ತೆ ಕೇಳಿಸುತ್ತಿತ್ತು. ನಮ್ಮ ಹಿಂದಿದ್ದ ಸೂಟು ತೊಟ್ಟ ಮಹನೀಯರೊಬ್ಬರು ಗಡಿಯಾರವನ್ನು ನೋಡಿಕೊಂಡು, ಇಂಥವರಿಂದ ಎಲ್ಲರಿಗೂ ತಡ ಎಂದು ಗೊಣಗಿದರು. ಹುಡುಗಿಯು ಬಗ್ಗಿ ಆಕೆಯ ಹೊಸ ಚೀಲವನ್ನು ಒಂದು ಕೈಯಲ್ಲಿಯೂ, ಆಕೆಯ ರಟ್ಟೆಯನ್ನು ಇನ್ನೊಂದು ಕೈಯಲ್ಲಿಯೂ ಹಿಡಿದುಕೊಂಡು ಪಕ್ಕದ ಕೊಠಡಿಗೆ ಕರೆದುಕೊಂಡು ಹೋದಳು.

ನಮ್ಮ ಸರದಿ ಬಂದಾಗ ಮೇಜಿನಲ್ಲಿದ್ದ ಉತ್ತರದೇಶದ ತರುಣನು, ಏತಕ್ಕೆ ಹೋಗುವಿರಿ, ಎಲ್ಲಿ ಇರುವಿರಿ, ಎಂದು ಎರಡೇ ಪ್ರಶ್ನೆಗಳನ್ನು ಕೇಳಿ, ಟಪ್ ಟಪ್ ಎಂದು ಎರಡು ಮುದ್ರೆಗಳನ್ನೊತ್ತಿ ಕಳುಹಿಸಿದನು. ಮಗನ ಮನೆಗೆ ಹೋಗುವವರಿಗೆ ಅಷ್ಟೇ ಸಾಕಾಗಿತ್ತು.

ವಿಮಾನದಲ್ಲಿ ನಮ್ಮ ಪಕ್ಕದ ಒಂದು ಆಸನವು ಬರಿದಾಗಿತ್ತು. ಅದು ಆಕೆಯದೇ ಎಂದು ಹೇಳುವುದಕ್ಕೆ ಆಧಾರವಿಲ್ಲ. ನಮ್ಮ ಮನೆಯವರು ಮಾತ್ರ ಮಸ್ಕತ್ತು ತಲಪುವ ವರೆಗೂ ಅದರ ಮೇಲೆ ತಮ್ಮ ಶಾಲನ್ನು ಕೂಡ ಇಡಲಿಲ್ಲ.

ಮಸ್ಕತ್ತಿನ ವಿಷಯವು ಬೇರೆ ಲೇಖನಕ್ಕೆ ಸೇರತಕ್ಕದ್ದು. ಒಂದು ಮಾತು ಮಾತ್ರ. ನಾವು ಈ ಸಂಗತಿಯನ್ನು ಮಗನಿಗೆ ಹೇಳಿದಾಗ ಅವನು ಹೇಳಿದ್ದಿಷ್ಟು: "ಅಪ್ಪ, ಕರಾರಿನಮೇಲೆ ಬಂದವರಿಗೆ ಸಂಬಳ ಕೊಡದಿದ್ದರೆ ಹೋಗಿ ಕೇಳುವುದಕ್ಕೆ ಒಂದು ಜಾಗವುಂಟು. ಪ್ರವಾಸದ ವೀಸಾದಲ್ಲಿ ಬಂದು ಅವಧಿ ಮೀರಿ ಉಳಿದವರು ದೂರು ಕೊಡಲು ಹೋದರೆ ಮೊದಲು ತಪ್ಪಿತಸ್ಥರಾಗುವವರು ಅವರೇ. ಆದುದರಿಂದ ಅವರು ಹೋಗುವುದೇ ಇಲ್ಲ." ಅವನು ವಾಸಿಸುವ ಬೀದಿಯಲ್ಲಿ ಬೆಳಿಗ್ಗೆ ಅಂಗಳ ತೊಳೆಯುವ ಹೆಂಗಸರನ್ನು ನಮ್ಮ ಮನೆಯವರು ಆ ಒಂದು ತಿಂಗಳೂ ಕಿಟಕಿಯಿಂದ ನೋಡುತ್ತಿದ್ದರು.

ಹಿಂದಿರುಗುವಾಗ ದೇವನಹಳ್ಳಿಯಲ್ಲಿ ಹೊಸದೊಂದನ್ನು ಕಂಡೆವು. ಮೊದಲೇ ಹೆಸರು ಕೊಟ್ಟು, ಬೆರಳಿನ ಗುರುತನ್ನೂ ಮುಖದ ಚಿತ್ರವನ್ನೂ ಒಪ್ಪಿಸಿದ ಭಾರತೀಯರು ಯಾವ ಮೇಜಿನ ಮುಂದೆಯೂ ನಿಲ್ಲದೆ ತಾನೇ ತೆರೆಯುವ ಬಾಗಿಲಿನಿಂದ ಹೊರಗೆ ಹೋಗಬಹುದು. ದೆಹಲಿಯಲ್ಲಿ 2024ರ ಜೂನಿನಲ್ಲಿ ಆರಂಭವಾದ ಈ ಏರ್ಪಾಟು 2025ರ ಜನವರಿ 16ರಿಂದ ಬೆಂಗಳೂರು ಮೊದಲಾದ ಇನ್ನೂ ಏಳು ನಿಲ್ದಾಣಗಳಿಗೆ ಬಂದಿದೆ. ಇದಕ್ಕೆ ಶುಲ್ಕವಿಲ್ಲ. ತರುಣರು ಪಾಸ್‌ಪೋರ್ಟನ್ನು ಒತ್ತಿಟ್ಟು, ಕ್ಯಾಮರಾದ ಕಡೆಗೆ ನೋಡಿ, ಅರೆನಿಮಿಷದಲ್ಲಿ ಆಚೆಗೆ ಸೇರುತ್ತಿದ್ದರು. ಸೌಕರ್ಯವೇನೋ ಹೌದು. ಆ ಬಾಗಿಲು 'ಮಗ ಎಷ್ಟನೆಯ ಕ್ಲಾಸು?' ಎಂದು ಕೇಳಲಾರದಲ್ಲ, ಎಂದು ನಮ್ಮ ಮನೆಯವರು ಹೇಳಿದರು. ಅದು ಬೇಕಾದವರು ಆ ಬಾಗಿಲಿಗೆ ಬರುವುದೇ ಇಲ್ಲವಷ್ಟೆ, ಎಂದು ನಾವು ಸಮಾಧಾನ ಹೇಳಿಕೊಂಡೆವು.

ಮುಂದಿನ ಭಾನುವಾರ ಹುಡುಗಿಯು ಊಟಕ್ಕೆ ಬಂದಳು. ತನ್ನ ಕೆಲಸದ ವಿಷಯವಾಗಿ ಅವಳು ಮನೆಯಲ್ಲಿ ಮಾತನಾಡುವವಳಲ್ಲ. ಇಲಾಖೆಯ ಕಟ್ಟುಪಾಡು ಅಂಥದು, ನಾವೂ ಕೇಳುವುದಿಲ್ಲ. ಆ ದಿನ ಮಾತ್ರ ಹುಳಿಯನ್ನು ಬಡಿಸುತ್ತ ನಮ್ಮ ಮನೆಯವರು, "ಆ ಹೆಂಗಸು ಏನಾದಳೇ?" ಎಂದು ಕೇಳಿಯೇಬಿಟ್ಟರು.

ಹುಡುಗಿಯು ಬಹಳ ಹೊತ್ತು ತಟ್ಟೆಯನ್ನು ನೋಡುತ್ತಿದ್ದಳು. "ಬೆಳಿಗ್ಗೆ ಅವಳ ಅಣ್ಣ ಮೊದಲನೆಯ ಬಸ್ಸಿಗೆ ಬಂದ, ಅತ್ತೆ. ಏಜೆಂಟನ ಫೋನು ಆರಿಹೋಗಿತ್ತು."

"ಅಳುತ್ತಿದ್ದಳೆ?"

"ಅತ್ತು ಮುಗಿದ ಮೇಲೆ ಬೈದಳು. 'ನಿಮ್ಮ ಹೊಟ್ಟೆ ತುಂಬಿದೆ, ಮೇಡಂ,' ಎಂದಳು."

"ನೀನು ಏನೆಂದೆ?"

"ಏನೆನ್ನಲಿ? ಅವಳ ಒಡವೆ ಹೋಯಿತು. ಅದು ಸುಳ್ಳಲ್ಲವಲ್ಲ."

ನಾವು ಆಗ, ಸಾಲಿನಲ್ಲಿ ಆ ಹೆಂಗಸು ಮೊದಲೇ ನಮಗೆ ನಿಜ ಹೇಳಿದ್ದಳೆಂದೂ, ನಾವು ಸುಮ್ಮನಿದ್ದೆವೆಂದೂ ಹೇಳಿದೆವು. ಹುಡುಗಿಯು ತಲೆಯೆತ್ತಿ ನೋಡಿದಳು. ಕೋಪಿಸಿಕೊಳ್ಳುವಳೆಂದು ನಾವು ಕಾದೆವು. "ಸಾಲಿನಲ್ಲಿ ಎಲ್ಲರೂ ಸುಮ್ಮನೆಯೇ ಇರುತ್ತಾರೆ, ಮಾವ," ಎಂದಳು. ಮತ್ತೆ ಸ್ವಲ್ಪ ಹೊತ್ತಿನ ಮೇಲೆ, "ಡಬ್ಬಿಯಲ್ಲಿ ಚಿತ್ರಾನ್ನವಿತ್ತು. ಕೊಟ್ಟೆ. ಬೇಡ ಎಂದಳು. ಆ ಮೇಲೆ ತಿಂದಳು," ಎಂದು ತನಗೆ ತಾನೇ ಹೇಳಿಕೊಂಡಂತೆ ಹೇಳಿದಳು.

ಆ ರಾತ್ರಿಯೂ ಅವಳಿಗೆ ಕೆಲಸವಿತ್ತು. ಒಂಬತ್ತು ಘಂಟೆಗೆ ವಿಮಾನ ನಿಲ್ದಾಣದ ಬಸ್ಸು ಹಿಡಿಯಬೇಕೆಂದು ಎದ್ದಾಗ ನಮ್ಮ ಮನೆಯವರು ಒಳಗಿನಿಂದ ಬುತ್ತಿಯನ್ನು ತಂದರು. ಒಂದರ ಮೇಲೊಂದು ನಾಲ್ಕು ಅಂತಸ್ತಿನ ದೊಡ್ಡ ಡಬ್ಬಿ. ನಮ್ಮ ಮಗನು ಕಾಲೇಜಿಗೆ ಹೋಗುತ್ತಿದ್ದಾಗಿನದು.

"ಇಷ್ಟೊಂದು ಯಾರಿಗೆ, ಅತ್ತೆ?"

"ತೆಗೆದುಕೊಂಡು ಹೋಗು," ಎಂದರು ನಮ್ಮ ಮನೆಯವರು.